ಏನೂ ಇಲ್ಲದ ಸಿಡಿ ಕೊಟ್ಟ ಮಿಸ್ತ್ರಿ

ಇವತ್ತು ಭಾನುವಾರ. ಐದೂವರೆಗೆ ಎದ್ದೆ. ನಳ ಬಂದಿತ್ತು; ಎರಡು ಬ್ಯಾರೆಲ್, ಆರು ಕೊಡ ತುಂಬಿಸಿದೆ. ಅಂಗಳ ತೊಳೆದೆ. ಮೂರು ಕಾಟನ್ ಸೀರೆಗೆ ಗಂಜಿ ಹಾಕಿ ಒಣಗಿಸಿದೆ. ಅಕ್ಕಿಯಲ್ಲಿ ಹುಳ ಬಿದ್ದಿತ್ತು, ಮೊರದಲ್ಲಿ ಹರಡಿ ಬಿಸಿಲಿಗಿಟ್ಟೆ. ನಾಲ್ಕನೇ ತರಗತಿಯ ಮಕ್ಕಳ ನೋಟ್‌ಬುಕ್ ಹತ್ತೊಂಬತ್ತು ತಿದ್ದಿದೆ. ಹತ್ತು ಗಂಟೆಗೆ ಚೀಲ ಹಿಡಿದು ಬಜಾರಿಗೆ ಹೋದೆ. ಹಸಿಮೆಣಸಿನಕಾಯಿ ಆರಿಸುತ್ತಿದ್ದಾಗ ನಮ್ಮ ಓಣಿಯ ಆಟೊದವರು ಪಕ್ಕಕ್ಕೆ ಬಂದು, "ಟೀಚರ್, ಸುರಪುರದ ಟೇಪ್ ಮಿಸ್ತ್ರಿ ಹೋದ್ರಂತ್ರಿ. ಎಂಟ್ ದಿನ ಆತಂತ" ಎಂದರು. "ಹೌದಾ?" ಎಂದೆ. ಕೊಳೆತಿದ್ದ ನಾಲ್ಕು ಮೆಣಸಿನಕಾಯಿ ತೆಗೆಸಿ, ಬೇರೆ ಹಾಕಿಸಿಕೊಂಡು ಮನೆಗೆ ಬಂದೆ.

ಟೇಪು, ರೇಡಿಯೊ ರಿಪೇರಿ ಮಾಡುತ್ತಿದ್ದ ಆ ಮಿಸ್ತ್ರಿಯ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ದಾರ ಕೂರುವಷ್ಟು ಆಳದ, ಅರ್ಧಚಂದ್ರಾಕಾರದ ಕಚ್ಚು. ನಲವತ್ತು ವರ್ಷ ವೈರಿನ ತೊಗಟೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದದ್ದು. ಆ ಕಚ್ಚಿನ ಸುತ್ತ ಗುಟ್ಕಾದ ಕೆಂಪು. ಮಾತಾಡಿದರೆ ಎದುರಿಗಿದ್ದವರ ಮೇಲೆ ಹನಿ ಸಿಡಿಯುತ್ತಿತ್ತು. ಇಕ್ಕಳವೊಂದು ಎದುರಿಗೇ ತೂಗುತ್ತಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಅವನೆದುರು ಬಹುವಚನ, ಮನೆಗೆ ಬಂದ ಮೇಲೆ ಏಕವಚನ, ಹೀಗೆ ನಡೆದಿತ್ತು. ಇಲ್ಲಿಯೂ ಏಕವಚನದಲ್ಲಿಯೇ ಬರೆಯುತ್ತೇನೆ. ಸತ್ತನೆಂಬ ಕಾರಣಕ್ಕೆ ಬದಲಿಸಲಾರೆ.

ನಾವು ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು ನಮ್ಮ ಯಜಮಾನರ ಪರೀಕ್ಷೆಗಾಗಿ. ಯಾದಗಿರಿಯ ಒಂದು ಕಚೇರಿಯಲ್ಲಿ ಅವರು ಗುಮಾಸ್ತರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದು, ದೊಡ್ಡ ಅಕ್ಷರದ ಬೋರ್ಡು ಮಾತ್ರ ಕಾಣುವ ಮಟ್ಟಕ್ಕೆ ಇಳಿದಿತ್ತು. ಕಚೇರಿಯಲ್ಲಿ ಅವರನ್ನು ಆಡಳಿತ ಶಾಖೆಯಿಂದ ಎಬ್ಬಿಸಿ ಬಾಗಿಲ ಬಳಿ ಟಪಾಲಿಗೆ ಮುದ್ರೆ ಒತ್ತಲು ಕೂರಿಸಿದ್ದರು. ಇಲಾಖಾ ಪರೀಕ್ಷೆ ಪಾಸಾದರೆ ಹಳೆಯ ಟೇಬಲ್ಲು ವಾಪಸು, ಇಲ್ಲದಿದ್ದರೆ ನಿವೃತ್ತಿಯವರೆಗೂ ಮುದ್ರೆ. ಬರೆಯಲು ಸಹಾಯಕರನ್ನು ಕೊಡುತ್ತಾರೆ. ಆದರೆ ತಲೆಯಲ್ಲಿ ಇರಬೇಕಲ್ಲ. ಎರಡು ಸಲ ಫೇಲಾಗಿದ್ದರು. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಶಹಾಪುರದಿಂದ ಯಾದಗಿರಿಗೆ ದಿನಾ ನಾನೇ ಕಾರು ಓಡಿಸುತ್ತೇನೆ. ಅವರನ್ನು ಕಚೇರಿಗೆ ಇಳಿಸಿ ಮುದನಾಳದ ಹತ್ತಿರದ ನನ್ನ ಶಾಲೆಗೆ ಹೋಗುತ್ತೇನೆ. ಹೋಗುತ್ತ ಬರುತ್ತ ಸುಮಾರು ಎರಡು ತಾಸು. ನಿಯಮಗಳ ಪುಸ್ತಕವನ್ನು ನಾನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡುವುದು, ದಾರಿಯಲ್ಲಿ ಅವರು ಕೇಳುವುದು, ನಡುನಡುವೆ ನಾನು ಪ್ರಶ್ನೆ ಕೇಳುವುದು ಎಂದು ಮೊದಲ ಸಲ ಫೇಲಾದ ಮೇಲೆಯೇ ಗೊತ್ತು ಮಾಡಿದ್ದೆವು. ಹಳೆಯ ಕಾರು, ರಸ್ತೆಯ ಸದ್ದಿನಲ್ಲಿ ಫೋನಿನ ದನಿ ಮುಳುಗಿಹೋಗುತ್ತಿತ್ತು. ಕಾರಿನೊಟ್ಟಿಗೇ ಬಂದ ಸ್ಟೀರಿಯೊದಲ್ಲಿ ರೇಡಿಯೊ ಮತ್ತು ಸಿಡಿ, ಅಷ್ಟೇ. ಫೋನಿನ ವೈರು ಸಿಕ್ಕಿಸಲು ತೂತಿಲ್ಲ. ರೇಡಿಯೊದ ಮೂಲಕ ಕೇಳಿಸುವ ಒಂದು ಸಣ್ಣ ಯಂತ್ರ ತಂದೆವು. ಭೀಮಾ ಸೇತುವೆ ಬರುತ್ತಿದ್ದಂತೆ ಅದರಲ್ಲಿ ಕರಕರ ಸದ್ದು. ಯಾದಗಿರಿಯಲ್ಲಿ ಕಾರು ಅಲಂಕರಿಸುವ ಅಂಗಡಿಯವರು ಡ್ಯಾಶ್‌ಬೋರ್ಡನ್ನೇ ಕೊಯ್ದು ಟಿವಿಯಂಥ ಹೊಸದನ್ನು ಕೂರಿಸುತ್ತೇವೆ ಎಂದರು. ಅವರ ಅಂಗಡಿಯಲ್ಲಿ ಬಣ್ಣದ ದೀಪ ಬಹಳ ಇದ್ದವು, ತಲೆ ಕಡಿಮೆ ಇತ್ತು. ಕೊನೆಗೆ ಯಾರೋ ಸುರಪುರದ ಇವನನ್ನು ಹೇಳಿದರು.

ಹೋದ ದಿನವೇ ಮರ್ಯಾದೆ ಕಳೆದ. ಸೆಟ್ಟನ್ನು ಹೊರಗೆಳೆದು ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿದವನೇ ಚಿಮಟದಿಂದ ಏನನ್ನೋ ಹೆಕ್ಕಿ ಅಂಗೈ ಮೇಲಿಟ್ಟುಕೊಂಡ. ಅಕ್ಕಿಕಾಳು. ಒಂದಲ್ಲ, ಏಳೆಂಟು, ಅರಿಷಿಣ ಹಚ್ಚಿದವು.

"ಏನ್ ಟೀಚರ್, ಟೇಪಿಗಿ ಮದವಿ ಮಾಡೀರೇನ್ರಿ? ಅಕ್ಷತಿ ಬಿದ್ದಾವ ಒಳಗ."

ನಮ್ಮಲ್ಲಿ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಪೂಜೆ ಮಾಡುತ್ತಾರೆ. ಸ್ಟೀರಿಂಗಿಗೆ, ಗೇರಿಗೆ ಹಚ್ಚಿದಂತೆ ನಾನು ಸ್ಟೀರಿಯೊಗೂ ಕುಂಕುಮ ಹಚ್ಚಿ ನಾಲ್ಕು ಕಾಳು ಹಾಕುತ್ತಿದ್ದೆ. ಅವು ಸಿಡಿಯ ಬಾಯಿಯೊಳಗೆ ಜಾರುತ್ತವೆಂದು ಹೊಳೆದಿರಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಇಬ್ಬರು ಟ್ರ್ಯಾಕ್ಟರಿನವರು ನಕ್ಕರು. ಅವನಿಗೆ ಅಷ್ಟು ಸಾಕಾಗಲಿಲ್ಲ. ಹೊಸದಾಗಿ ಬಂದವರಿಗೆಲ್ಲ ಆ ಕಾಳು ತೋರಿಸಿದ.

ಕೆಲಸ ಮಾತ್ರ ಮಾಡಿದ. ಸೆಟ್ಟಿನೊಳಗೆ ಸಿಡಿಯ ದನಿ ಹಾದುಹೋಗುವ ಜಾಗ ಹುಡುಕಿ ಮೂರು ಎಳೆ ಬೆಸೆದ. ಎಡದ ದನಿಗೊಂದು, ಬಲದ ದನಿಗೊಂದು, ಮೂರನೆಯದು ಅರ್ಥಿಂಗ್. ಅವುಗಳ ಇನ್ನೊಂದು ತುದಿಗೆ ಫೋನಿನ ಪಿನ್ನು ಹೋಗುವ ಸಾಕೆಟ್ಟು ಕಟ್ಟಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ತಂದು ಕೂರಿಸಿದ. ಎಲ್ಲಿಯೂ ಕೊಯ್ಯಲಿಲ್ಲ, ಒಂದು ಗೀರು ಬೀಳಿಸಲಿಲ್ಲ. ಆಮೇಲೆ ಒಂದು ಸಿಡಿ ಕೊಟ್ಟ.

"ಇದರಾಗ ಏನೂ ಇಲ್ರಿ. ಒಂದ್ ತಾಸ್ ಸುಮ್ಮನ ಓಡ್ತದ. ಸಿಡಿ ಓಡಾಕತ್ತೈತಿ ಅಂತ ಸೆಟ್ ನಂಬಿದ್ರ ಮಾತ್ರ ಆ ದಾರಿ ತೆರಿತೈತಿ. ಇದನ್ನ ಹಾಕ್ರಿ, ಆಮ್ಯಾಲ ಫೋನ್ ಹಚ್ರಿ."

ಏನೂ ಇಲ್ಲದ ಸಿಡಿ ಕೊಡುವವನು ಮೋಸಗಾರನೇ ಎಂದು ದಾರಿಯಲ್ಲಿ ತೀರ್ಮಾನಿಸಿದೆ. ಯಾವುದೋ ಒಂದು ಸಿಡಿ ಓಡಿದರೆ ಸಾಲದೇ? ಮರುದಿನ ಮನೆಯಲ್ಲಿದ್ದ ಭಜನೆಯ ಸಿಡಿ ಹಾಕಿ ಫೋನು ಹಚ್ಚಿದೆ. ತಾಳ, ಹಾರ್ಮೋನಿಯಂ, ಅದರ ನಡುವೆ ನನ್ನ ದನಿ. ಯಜಮಾನರು ಸ್ವಲ್ಪ ಹೊತ್ತು ಕೇಳಿ, "ರಜಾ ನಿಯಮಕ್ಕ ತಬಲಾ ಬಾರ್ಸಾಕತ್ತಾರಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದು ಅವತ್ತು. ನನಗೆ ನಗು ಬರಲಿಲ್ಲ. ಮಿಸ್ತ್ರಿ ವೈರು ತಪ್ಪಾಗಿ ಬೆಸೆದಿದ್ದಾನೆಂದು, ಮುಂದಿನ ಭಾನುವಾರ ಜಗಳಕ್ಕೇ ಹೋದೆ.

ಅವನು ಒಂದು ಗುಂಡಿ ಒತ್ತಿದ. ಭಜನೆಯ ಸಿಡಿ ಹೊರಬಂತು. ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಮೇಲೆತ್ತಿದ.

"ಮಕ್ಕಳಿಗಿ ಏನ್ ಕಲಸ್ತೀರಿ ಟೀಚರ್? ಖಾಲಿ ಸಿಡಿ ಹಾಕ್ರಿ ಅಂದ್ರ ಭಜನಿ ಹಚ್ಚೀರಿ. ಎರಡೂ ಒಂದೇ ದಾರ್ಯಾಗ ಬಂದ್ರ ಕಲಸಂಗಿಲ್ಲೇನು?"

"ಮಿಸ್ತ್ರೇರ, ನಿಮಗ ಮಾತಾಡಾಕ ಬರಂಗಿಲ್ಲ," ಎಂದೆ.

"ಮಾತಾಡಾಕ ನಿಮಗ್ ಬರ್ತದಲ್ಲ, ಕೇಳೂಣು ತಡೀರಿ," ಎಂದು ಖಾಲಿ ಸಿಡಿ ತೂರಿಸಿ ನನ್ನ ರೆಕಾರ್ಡು ಹಚ್ಚಿದ. ದನಿ ಸ್ಪಷ್ಟವಾಗಿ ಬಂತು. ಪೂರ್ವಾನುಮತಿ ಇಲ್ಲದೆ ಗೈರುಹಾಜರಾದ ನೌಕರನ ಬಗ್ಗೆ ನಾನು ಓದುತ್ತಿದ್ದೆ. ಅವನು ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದ. ಕಣ್ಣು ತೆರೆದವನು ನನ್ನನ್ನು ನೋಡಲಿಲ್ಲ, ಯಜಮಾನರ ಕಡೆ ತಿರುಗಿದ.

"ಸಾಹೇಬ್ರ, ಇದು ನಿಮಗ ತಲಿಗಿ ಹತ್ತತೈತೇನ್ರಿ?"

ಯಜಮಾನರ ಉತ್ತರಕ್ಕೆ ಅವನು ಕಾಯಲಿಲ್ಲ.

"ಹತ್ತಂಗಿಲ್ಲ. ಹೆಂಗ್ ಹತ್ತತೈತಿ? ಬಸ್ಸಿನ ಹಿಂದ ಓಡೋರಂಗ ಓದ್ಯಾರ. ಟೀಚರ್, ನಿಮಗ ಅದು ಮುಗೀಬೇಕು. ಅವ್ರಿಗಿ ಅದು ತಿಳೀಬೇಕು. ಒಂದ್ ನಿಯಮ ಓದ್ರಿ, ನಿಲ್ರಿ. ಎರಡ್ ಸಲ ಉಸಿರ್ ತಗೋರಿ. ಆ ಖಾಲಿ ಜಾಗದಾಗ ಅವ್ರು ಅಂದ್ಕೋತಾರ. ಹೆಂಗಸ್ರಿಗಿ ಸುಮ್ಮನಿರೂದು ತ್ರಾಸ ಅಂತ ಗೊತ್ತೈತಿ."

ಟ್ರ್ಯಾಕ್ಟರಿನವರಂಥವರು ಅವತ್ತೂ ಇದ್ದರು, ಅವತ್ತೂ ನಕ್ಕರು. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ ಓದುವುದನ್ನು ಹೇಳಿಕೊಡಲು ಬಂದ ಬಾಯಿ ಆ ಬಾಯಿ! ಹಿಂದೆ ಕೆಂಭಾವಿ ಕಡೆಯ ಭಜನಾ ಮಂಡಳಿಗಳನ್ನು ಕೂರಿಸಿ ಕ್ಯಾಸೆಟ್ ತುಂಬಿಸುತ್ತಿದ್ದನಂತೆ. ಅಷ್ಟಕ್ಕೇ ತನ್ನನ್ನು ಪಂಡಿತನೆಂದು ತಿಳಿದಿದ್ದ. ನಾನು ಪರ್ಸು ಎತ್ತಿಕೊಂಡು ಎದ್ದೆ. ಆಗ ಯಜಮಾನರು ನೆಲ ನೋಡುತ್ತ ಮೆಲ್ಲಗೆ, "ಖರೇ ಐತಿ" ಎಂದರು.

ಎಂಟು ತಿಂಗಳಿಂದ ಓದಿ ಓದಿ ಹಚ್ಚುತ್ತಿದ್ದೆ. ಒಂದು ದಿನವೂ ಅವರು ಹೇಳಿರಲಿಲ್ಲ. ದುಡಿಯುವ ಹೆಂಡತಿ, ಅಡುಗೆ ಮುಗಿಸಿ ತನಗಾಗಿ ಓದುತ್ತಾಳೆ, ಅವಳಿಗೆ ನಿಧಾನ ಮಾಡು ಎನ್ನುವುದು ಹೇಗೆ ಎಂದು ನುಂಗಿಕೊಂಡಿದ್ದರು. ತಿಳಿಯದ್ದನ್ನು ತಿಳಿದಂತೆ ಹೂಂಗುಟ್ಟಿ, ಎರಡನೆಯ ಸಲ ಫೇಲಾಗಿದ್ದರು.

ಮರುದಿನದಿಂದ ಮೊದಲ ಪುಟದಿಂದಲೇ ಮತ್ತೆ ಓದಿದೆ. ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನು ಬಂದ್ ಮಾಡಿ, ಒಂದು ನಿಯಮ, ಎರಡು ಉಸಿರು. ಅವನನ್ನು ಬೈದುಕೊಂಡೇ ನಿಂತೆ, ಬೈದುಕೊಂಡೇ ಓದಿದೆ. ಕಾರಿನಲ್ಲಿ ಆ ಖಾಲಿ ಜಾಗ ಬಂದಾಗ ಮೊದಮೊದಲು ಟೈರಿನ ಸದ್ದಷ್ಟೇ ಇರುತ್ತಿತ್ತು. ಹತ್ತು ಹನ್ನೆರಡು ದಿನಗಳಲ್ಲಿ ಅದರೊಳಗೆ ಯಜಮಾನರ ದನಿ ಬರತೊಡಗಿತು. ಮೂರನೆಯ ಸಲ ಪಾಸಾದರು. ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ತಮ್ಮ ಟೇಬಲ್ಲಿಗೆ ಹೋದರು.

ಅವರ ಒತ್ತಾಯಕ್ಕೆ ಪೇಡೆ ತೆಗೆದುಕೊಂಡು ಸುರಪುರಕ್ಕೆ ಹೋದೆವು. ಮಿಸ್ತ್ರಿ ಒಂದನ್ನು ಬಾಯಿಗೆ ಹಾಕಿಕೊಂಡು, "ಸಕ್ಕರಿ ಜಾಸ್ತಿ ಆಗೇದ" ಎಂದ. ಎರಡನೆಯದನ್ನೂ ತಿಂದ. "ಟೀಚರ್ ಬಾಯಿ ಬಂದ್ ಮಾಡಿದ ಕೂಡ್ಲೇ ಸಾಹೇಬ್ರು ಪಾಸ್ ಆದ್ರು ನೋಡ್ರಿ," ಎಂದು ಯಾರಿಗೋ ಹೇಳಿದ. ಬಾಯಿಗೆ ಬಂದಿದ್ದ ಕೃತಜ್ಞತೆಯ ಮಾತನ್ನು ನಾನು ವಾಪಸು ನುಂಗಿದೆ. ಆಮೇಲೆ ಹೋಗಲಿಲ್ಲ.

ಈಗ ತರಗತಿಯಲ್ಲಿ ಪಾಠ ಓದುವಾಗಲೂ ನಿಲ್ಲುತ್ತೇನೆ. ಮುಂಚೆ ಹಿಂದಿನ ಸಾಲಿನ ಮಕ್ಕಳು ದಡ್ಡರೆಂದು ತಿಳಿದಿದ್ದೆ. ಇದನ್ನು ಯಾರಿಂದ ಕಲಿತೆನೆಂದು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಆ ಮನುಷ್ಯನ ಹೆಸರಿನೊಂದಿಗೆ ನನ್ನ ಹೆಸರು ಸೇರುವುದು ನನಗೆ ಈಗಲೂ ಬೇಡ. ಋಣವಿದೆ, ಇಲ್ಲವೆನ್ನುವುದಿಲ್ಲ. ಇನ್ನೊಂದಿಷ್ಟು ಯೋಗ್ಯನಾದ ಯಾರಿಗಾದರೂ ಋಣಿಯಾಗಬಾರದಿತ್ತೇ ಎಂದು ಮಾತ್ರ ಅನಿಸುತ್ತದೆ.

ಬಜಾರಿನಿಂದ ಬಂದು ಸುದ್ದಿ ಹೇಳಿದೆ. ಯಜಮಾನರು, "ಒಳ್ಳೆ ಮನಷ್ಯಾ ಇದ್ದ" ಎಂದರು.

"ಒಳ್ಳೆ ಮನಷ್ಯಾ ಏನಲ್ಲ. ಬಾಯಿ ಹೊಲಸಿತ್ತು."

"ಬಾಯಿ ಹೊಲಸಿತ್ತು ಬಿಡು. ಆದ್ರ ನಾ ನಿನಗ ಹೇಳಲಾರದ್ದು ಅವ ಹೇಳಿದ."

ನಾನು ರೊಟ್ಟಿ ತಟ್ಟಲು ಹೋದೆ. ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಅವರು ಎರಡೂವರೆ ತಿಂದರು, ನಾನು ಎರಡು. ಉಂಡ ಮೇಲೆ ಚಾಪೆ ಹಾಸಿಕೊಂಡು ಪೇಪರಿನ ಒಂದು ಸುದ್ದಿ ಅವರಿಗೆ ಓದಿ ಹೇಳತೊಡಗಿದೆ. ಎರಡು ಸಾಲು ಓದಿ ನಿಂತೆ. ಅವರ ಕಡೆಯಿಂದ ಮಾತು ಬರಲಿಲ್ಲ. ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಉಳಿದದ್ದನ್ನು ನಾನು ಮನಸ್ಸಿನಲ್ಲೇ, ನನ್ನ ವೇಗದಲ್ಲಿ, ಗಡಗಡ ಓದಿ ಮುಗಿಸಿ ಅಡ್ಡಾದೆ.