ದುಮ ಅಜ್ಜಿಯ ಐದನೇ ಬೆರಳು

ಇಂದೊ ಬುಲಾನ್ ಎಂದರೆ ಬುಲಾನನ ತಾಯಿ. ನಮ್ಮ ತೊರಾಜಾ ಬೆಟ್ಟಗಳಲ್ಲಿ ಹೆಂಗಸಿಗೆ ಮಗು ಹುಟ್ಟಿತೆಂದರೆ ಅವಳ ಸ್ವಂತ ಹೆಸರು ಅಲ್ಲಿಗೆ ಮುಗಿಯಿತು. ಬುಲಾನ್ ಮೂರು ವರ್ಷಕ್ಕೇ ಜ್ವರದಲ್ಲಿ ಹೋದ. ಅವನ ಹೆಸರನ್ನು ಅವಳು ಎಪ್ಪತ್ತು ದಾಟುವವರೆಗೂ ಹೊತ್ತಳು. ನಾನು ಪಕ್ಕದ ಮನೆಯವನು, ಶಾಲೆ ಮೇಷ್ಟ್ರು. ಅವಳಿಗೆ ಓದು ಬರಹ ಬಾರದು, ಕಾಗದಗಳನ್ನೆಲ್ಲ ಬರೆದವನು ನಾನು. ಹಾಗಾಗಿ ಈ ಕತೆಯ ಪಾಪದಲ್ಲಿ ನನಗೂ ಒಂದು ಪಾಲಿದೆ.

ಅವಳ ತಾಯಿ ದುಮ ಅಜ್ಜಿ ಬಿದಿರು ಕಡಿಯುವಾಗ ಎಡಗೈ ಕಿರುಬೆರಳು ಕಳೆದುಕೊಂಡವಳು. ಅಜ್ಜಿ ತೀರಿಕೊಂಡಾಗ ಪದ್ಧತಿಯಂತೆ ಕೋಣ ಕಡಿದು, ಹಲಸಿನ ಮರದಲ್ಲಿ ಅವಳ ಪ್ರತಿಮೆ ಮಾಡಿಸಿದರು. ಪ್ರತಿಮೆ ಕೆತ್ತುವ ತಾಂದಿ ಮೆದು ಮನಸ್ಸಿನವನು. ಮರದಲ್ಲಾದರೂ ಅಜ್ಜಿಯ ಕೈ ಪೂರ್ತಿ ಇರಲಿ ಎಂದನಂತೆ. ಇಂದೊ ಬುಲಾನ್ ಒಪ್ಪಲಿಲ್ಲ.

"ಐದು ಬೆರಳಿಟ್ರೆ ಅದು ಇನ್ಯಾರಮ್ಮನೋ ಆಗುತ್ತೆ, ತಾಂದಿ. ನಮ್ಮಮ್ಮ ಆಗಲ್ಲ."

ನಾಲ್ಕು ಬೆರಳಿನ ಅಜ್ಜಿ ಬಂಡೆಯಲ್ಲಿ ಕೊರೆದ ಸಮಾಧಿಯ ಮುಂದೆ, ಎತ್ತರದ ಕಟ್ಟೆಯ ಮೇಲೆ, ಗದ್ದೆಗಳನ್ನು ನೋಡುತ್ತ ನಿಂತಳು. ಪ್ರತಿ ಆಗಸ್ಟಿನಲ್ಲಿ, ಕೊಯ್ಲು ಮುಗಿದ ಮೇಲೆ, ನಾವು ಸತ್ತವರ ಮತ್ತು ಅವರ ಪ್ರತಿಮೆಗಳ ಬಟ್ಟೆ ಬದಲಿಸುತ್ತೇವೆ. ಇಂದೊ ಬುಲಾನ್ ಆ ಪ್ರತಿಮೆಗೆ, ಕೊರಳಲ್ಲಿ ಹಸಿರು ದಾರದ ಹೊಲಿಗೆ ಹಾಕಿದ ರವಿಕೆ ತೊಡಿಸುತ್ತ ಊರಿನ ಸುದ್ದಿಯನ್ನೆಲ್ಲ ತಾಯಿಗೆ ಒಪ್ಪಿಸುತ್ತಿದ್ದಳು. ಯಾರ ಹಂದಿ ಕಳೆಯಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲ. ಸತ್ತವರ ಜೊತೆ ಎಷ್ಟು ಬೇಕಾದರೂ ಮಾತಾಡಬಹುದು. ಸುಳ್ಳು ಮಾತ್ರ ಹೇಳುವಂತಿಲ್ಲ, ಅದು ನಮ್ಮ ಕಟ್ಟಳೆ.

ಎಂಬತ್ತೇಳನೇ ಇಸವಿಯ ಒಂದು ಬೆಳಿಗ್ಗೆ ಕಟ್ಟೆ ಖಾಲಿಯಾಗಿತ್ತು. ಕಳ್ಳರು ಏಣಿ ಹಾಕಿ ಅಜ್ಜಿಯನ್ನು ಹೊತ್ತುಕೊಂಡು ಹೋಗಿದ್ದರು. ಇಂದೊ ಬುಲಾನ್ ರವಿಕೆ ಹೊಲಿಯುವುದನ್ನು ಬಿಡಲಿಲ್ಲ. ಪ್ರತಿ ವರ್ಷ ಒಂದನ್ನು ಹೊಲಿದು ಪೆಟ್ಟಿಗೆಯಲ್ಲಿಟ್ಟಳು.

ಇಪ್ಪತ್ತು ವರ್ಷಗಳ ಮೇಲೆ, ನಮ್ಮಲ್ಲಿ ಕಾಫಿ ಕುಡಿದ ಪ್ರವಾಸಿಯೊಬ್ಬ ಒಂದು ದಪ್ಪ ಪುಸ್ತಕ ಬಿಟ್ಟುಹೋದ. ಪುಟ ತಿರುವುತ್ತಿದ್ದ ಅವಳ ಕೈ ನಿಂತಿತು. ಎದೆಯವರೆಗಷ್ಟೇ ಕಾಣುವ ಚಿತ್ರ, ರವಿಕೆಯ ಕೊರಳಲ್ಲಿ ಹಸಿರು ದಾರ. ಸಮುದ್ರದಾಚೆಯ ಒಂದು ವಸ್ತುಸಂಗ್ರಹಾಲಯದಲ್ಲಿ ಅಜ್ಜಿ ಗಾಜಿನೊಳಗೆ ನಿಂತಿದ್ದಳು. ಕೆಳಗಿದ್ದುದನ್ನು ಓದಿ ಹೇಳಿದೆ: ಹೆಸರು ತಿಳಿಯದ ಪೂರ್ವಜೆ, ಫಲವಂತಿಕೆಯ ಸಂಕೇತ.

"ಹೆಸರು ತಿಳೀದಂತಾ? ಇಡೀ ಊರಿನ ಜೊತೆ ಜಗಳ ಆಡಿದ ಹೆಂಗಸು! ಹೆತ್ತಿದ್ದೂ ನನ್ನೊಬ್ಬಳನ್ನೇ" ಎಂದು ನಕ್ಕಳು. ಆಮೇಲೆ ಬಹಳ ಹೊತ್ತು ಅತ್ತಳು.

ತಾಯಿಯನ್ನು ವಾಪಸು ಕರೆತರಬೇಕೆಂದು ಹಟ ಹಿಡಿದಳು. ಎಡಗೈಯಲ್ಲಿ ನಾಲ್ಕೇ ಬೆರಳಿರುವುದನ್ನು ಗುರುತಾಗಿ ಬರೆಯೋಣ ಎಂದವನು ನಾನೇ. ಸಂಗ್ರಹಾಲಯದವರ ಉತ್ತರದ ಜೊತೆ ಆ ಕೈಯ ಫೋಟೋ ಬಂತು. ಬೆರಳು ಐದಿದ್ದವು. ಆದ್ದರಿಂದ ಇದು ತಾವು ಹೇಳುವ ಪ್ರತಿಮೆಯಲ್ಲ ಎಂದು ಮರ್ಯಾದೆಯಾಗಿ ಬರೆದಿದ್ದರು.

ಇಂದೊ ಬುಲಾನ್ ವಾರಗಟ್ಟಲೆ ಮಂಕಾದಳು. ತನಗೇ ಅರಳುಮರಳೇ ಎಂದು ಕೇಳಿದಳು. ಕೊನೆಗೊಂದು ದಿನ ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿದೆವು. ಕಿರುಬೆರಳಿನ ಬಣ್ಣವೇ ಬೇರೆ, ಬುಡದಲ್ಲಿ ಕೂದಲೆಳೆಯಷ್ಟು ಗೆರೆ. ಮತ್ತೆ ಬರೆದೆವು. ಒಂದು ವರ್ಷದ ಮೇಲೆ ಒಪ್ಪಿಕೊಂಡರು: ಹೌದು, ಕೊಂಡಾಗ ಆ ಬೆರಳು ಮುರಿದಿದ್ದರಿಂದ ನಮ್ಮ ಕುಶಲಕರ್ಮಿ ಸರಿಪಡಿಸಿದ್ದಾನೆ. ಆದರೆ ಕೊಂಡ ದಾಖಲೆ ನಮ್ಮಲ್ಲಿದೆ, ನಿಮ್ಮದೆಂಬ ದಾಖಲೆ ನಿಮ್ಮಲ್ಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಹೆತ್ತ ತಾಯಿಗೆ ಯಾರಾದರೂ ರಸೀದಿ ಇಟ್ಟುಕೊಳ್ಳುತ್ತಾರೆಯೇ?

ಅವಳಿಗೆ ಸಿಟ್ಟು ಬರಲಿಲ್ಲ. ಆಗಲೇ ಕೆಮ್ಮು ಅವಳನ್ನು ಹಾಸಿಗೆ ಹಿಡಿಸಿತ್ತು.

"ಇನ್ನೊಂದೇ ಒಂದು ಕಾಗದ, ಮೇಷ್ಟ್ರೇ. ಅಮ್ಮನ್ನ ಕೊಡದಿದ್ರೆ ಹೋಗ್ಲಿ. ಆ ಬೆರಳೊಂದು ತೆಗೀರಿ ಅಂತ ಬರೀರಿ. ನಾನು ಆ ಲೋಕಕ್ಕೆ ಹೋದಾಗ ನಮ್ಮಮ್ಮ ಯಾರೋ ಆಗಿರಬಾರದು."

ಬರೆದೆ. ಉತ್ತರ ಬರುವ ಮೊದಲೇ ಅವಳು ಹೋದಳು. ತನಗೆ ಪ್ರತಿಮೆ ಮಾಡಿಸಬೇಡಿ ಎಂದು ಮೊದಲೇ ಹೇಳಿದ್ದಳು.

ಉತ್ತರ ಬಂದದ್ದು ಅವಳನ್ನು ಬಂಡೆಯೊಳಗಿಟ್ಟು ಎರಡು ತಿಂಗಳಾದ ಮೇಲೆ. ಆ ಬೆರಳೂ ಈಗ ವಸ್ತುವಿನ ಇತಿಹಾಸದ ಭಾಗವಾಗಿರುವುದರಿಂದ ತೆಗೆಯಲಾಗುವುದಿಲ್ಲ, ತಮ್ಮ ಆಸಕ್ತಿಗೆ ಧನ್ಯವಾದ.

ಮುಂದಿನ ಆಗಸ್ಟಿನಲ್ಲಿ ಸಮಾಧಿಯ ಬಾಗಿಲು ತೆರೆದು, ಅವಳ ಪೆಟ್ಟಿಗೆಯಲ್ಲಿದ್ದ ಹಸಿರು ದಾರದ ರವಿಕೆಗಳಲ್ಲೊಂದನ್ನು ಅವಳಿಗೇ ಹೊದಿಸಿದೆವು. ಉಳಿದವರು ಸುದ್ದಿ ಹೇಳಿ ಮುಗಿಸಿದರು. ನನ್ನ ಸರದಿ ಬಂತು. ಕಾಗದ ಜೇಬಿನಲ್ಲಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ.

"ಬೆರಳು ತೆಗೆದ್ರಂತೆ, ಅಕ್ಕಾ" ಎಂದೆ.