ಚಿತ್ರದ ಮುದುಕಿಗೆ ಬಂದ ಬುತ್ತಿ

ನನಗೆ ಚಿತ್ರದ ಹುಚ್ಚು. ಮೂಡಲಗಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ, ಆದರೆ ಹುಚ್ಚು ನೌಕರಿಗಿಂತ ಹಳೆಯದು. ಬೆಂಕಿಪೆಟ್ಟಿಗೆಯ ಮೇಲಿನ ಹುಲಿ, ಹೋದ ವರ್ಷದ ಕ್ಯಾಲೆಂಡರಿನ ಹಾಳೆ, ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣು, ರದ್ದಿ ಅಂಗಡಿಯಲ್ಲಿ ಸಿಕ್ಕ ಮುಖಪುಟವಿಲ್ಲದ ಪುಸ್ತಕ, ಎಲ್ಲವೂ ನನ್ನ ಮನೆಗೆ ಬಂದು ಬಿದ್ದಿವೆ. ಮೊಬೈಲ್ ಬಂದ ಮೇಲಂತೂ ಕೇಳಲೇಬೇಡಿ. ಬೆರಳಿಟ್ಟಲ್ಲೆಲ್ಲ ಬೆಕ್ಕೊಂದು ಪಂಜ ಚಾಚುವ ಆಟ, ಬೆಂಕಿಕಡ್ಡಿಯಷ್ಟುದ್ದದ ಒಲೆಯ ಮೇಲೆ ಉಗುರಿನಷ್ಟು ದೋಸೆ ಹುಯ್ಯುವವನ ವಿಡಿಯೊ, ಎಲ್ಲೋ ದೂರದೇಶದ ಮ್ಯೂಸಿಯಮ್ಮಿನ ಚಿತ್ರಗಳು. ಫೋನಿನಲ್ಲಿ ಜಾಗ ಮುಗಿಯಿತು ಅಂತ ಅದು ದಿನಾ ಅರಚುತ್ತದೆ, ನಾನು ಕೇಳುವುದಿಲ್ಲ.

ಅವ್ವ ಇರುವತನಕ ಇದನ್ನೆಲ್ಲ ನೋಡುವವರೊಬ್ಬರಿದ್ದರು. ಸಂಜೆ ಅವಳ ಪಕ್ಕ ಕೂತು ತೋರಿಸುತ್ತಿದ್ದೆ. ಯಾವ ದೇಶದ ಯಾವ ಹೆಂಗಸಿನ ಚಿತ್ರವಾದರೂ ಅವಳ ಪ್ರಶ್ನೆ ಒಂದೇ.

"ಇಕಿ ಯಾರ ಮನಿಯಾಕಿ?"

"ಅವ್ವಾ, ಅದು ಚಿತ್ರ ಐತಿ."

"ಚಿತ್ರ ಇದ್ರೇನಾತು? ಮನಿ ಇರೂದಿಲ್ಲೇನು ಆಕಿಗೆ? ಉಂಡಾಳೋ ಇಲ್ಲೋ, ಮಾರಿ ನೋಡಲ್ಲಿ ಹೆಂಗ ಬಾಡೇತಿ."

ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮದುವೆ ಆಗಲಿಲ್ಲ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಒಂದೇ: ಚೆಂದದ್ದೊಂದನ್ನು ಕಂಡಾಗ "ಇಲ್ಲಿ ನೋಡ" ಅನ್ನಲು ಬಾಜೂಕ್ಕೆ ಜನವಿಲ್ಲ. ಅದೊಂದನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ಹಾಗಾಗಿ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಕಳಿಸಲು ಶುರು ಮಾಡಿದೆ. ದಿನಕ್ಕೊಂದು ಚಿತ್ರ, ಕೆಳಗೆ ಅದರ ಬಗ್ಗೆ ನಾಲ್ಕು ಮಾತು. ಬೆಳಕು ಎಲ್ಲಿಂದ ಬೀಳುತ್ತಿದೆ ನೋಡಿ, ಆ ಕೈಬೆರಳು ನೋಡಿ ಅಂತ ಕುಂತು ಬರೆಯುತ್ತಿದ್ದೆ. ಒಬ್ಬರಾದರೂ ಹೂಂ ಅನ್ನಬೇಕಲ್ಲ? ನನ್ನ ಚಿತ್ರದ ಬೆನ್ನಿಗೇ ಯಾರೋ ಗುಲಾಬಿ ಹೂವಿನ ಶುಭೋದಯ ಹಾಕುತ್ತಿದ್ದರು, ಅದಕ್ಕೆ ಉಳಿದವರೆಲ್ಲ ಕೈಮುಗಿಯುತ್ತಿದ್ದರು. ನನ್ನ ಚಿತ್ರ ಮೇಲೆ ಸರಿದು ಕಾಣದಾಗುತ್ತಿತ್ತು. ಬೆಕ್ಕಿನ ಪಂಜಕ್ಕೂ ಯಾರೂ ನಗಲಿಲ್ಲ. ಬೆಕ್ಕಿಗೂ ನಗದ ಜನರನ್ನು ಏನೆನ್ನಬೇಕು!

ಒಂದು ರವಿವಾರ ರೇಗಿಹೋಯಿತು. ಓದುವವರಿಲ್ಲದಿದ್ದರೆ ಬರೆಯುವುದಾದರೂ ಯಾಕೆ ಅಂತ ಒಂದಕ್ಷರವೂ ಬರೆಯದೆ ನನಗೆ ಬಹಳ ಸೇರಿದ್ದ ಚಿತ್ರವೊಂದನ್ನು ಹಾಗೇ ಹಾಕಿದೆ. ಪರದೇಶದ್ದು, ಹಳೆಯದು. ಕಪ್ಪು ಹಿನ್ನೆಲೆ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬ ಮುದುಕಿ, ಮಡಿಲಲ್ಲಿ ಎರಡೂ ಕೈ.

ಚಹಾ ಇಟ್ಟು ಬರುವಷ್ಟರಲ್ಲಿ ಫೋನು ಕಿಣಿಕಿಣಿ ಅನ್ನುತ್ತಿತ್ತು. ನನ್ನ ಜೀವ ಹಿಗ್ಗಿತು. ತೆಗೆದು ನೋಡಿದರೆ "ಓಂ ಶಾಂತಿ". ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ". ಅದರ ಕೆಳಗೆ ಕೈಮುಗಿದ ಗೊಂಬೆಗಳ ಸಾಲು. ನಮ್ಮ ಗುಂಪಿನಲ್ಲಿ ಮಾತಿಲ್ಲದೆ ಒಂದು ಮುದಿಮುಖ ಬಂದರೆ ಅದಕ್ಕಿರುವುದು ಒಂದೇ ಅರ್ಥ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ನಗು ಬಂತು ಮೊದಲು. ಆಮೇಲೆ ನಾಗನೂರಿನ ಸೋದರಮಾವನ ಮಗ ಬರೆದ: "ಅತ್ತೆಯವರು ಲಿಂಗೈಕ್ಯರಾದ ಸುದ್ದಿ ತಿಳಿದು ಬಹಳ ದುಃಖವಾಯಿತು." ಅವನ ಅತ್ತೆ ಅಂದರೆ ನನ್ನವ್ವ. ಅವಳು ಹೋಗಿ ವರ್ಷಗಳಾದವು, ಅವಳನ್ನು ಹೊತ್ತಾಗ ಹೆಗಲು ಕೊಟ್ಟವನೇ ಅವನು! ಚಿತ್ರ ನೋಡಿರಲಿಲ್ಲ, ಅವ್ವನೂ ನೆನಪಿರಲಿಲ್ಲ. ಇಷ್ಟು ಜನರಲ್ಲಿ ಒಬ್ಬರೂ "ಯಾರು ಹೋದರು" ಅಂತ ಕೇಳಲಿಲ್ಲ. ಇದು ಬರೀ ಚಿತ್ರ ಅಂತ ಬರೆಯಲು ಹೊರಟವಳು ಫೋನಿನ ದನಿ ಬಂದ್ ಮಾಡಿ ಹಾಸಿಗೆಯ ಮೇಲೆ ಒಗೆದೆ. ಸಾಯಲಿ ಅತ್ತ.

ಮಧ್ಯಾಹ್ನ ಓಣಿಯ ತಿರುವಿನಲ್ಲಿ ಹೆಂಗಸೊಬ್ಬಳು ದೊಡ್ಡ ದನಿಯಲ್ಲಿ ಅಳುತ್ತ ಬರುವುದು ಕೇಳಿಸಿತು. ಸತ್ತವರ ಮನೆಗೆ ನಮ್ಮ ಕಡೆ ಹಾಗೇ ಬರುತ್ತಾರೆ. ಪಾಪ, ಯಾರ ಮನೆಯಲ್ಲಿ ಏನಾಯಿತೋ ಅಂತ ಬಾಗಿಲಿಗೆ ಬಂದರೆ, ಹುಕ್ಕೇರಿಯ ನನ್ನ ಚಿಗವ್ವ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಬಾಯಿಗೆ ಸೆರಗು, ಕಂಕುಳಲ್ಲಿ ಬುತ್ತಿಯ ಗಂಟು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಬೀಗರು ಬಿಜ್ಜರು ಬುತ್ತಿ ಕಟ್ಟಿಕೊಂಡು ಬರುವುದು. ನನ್ನನ್ನು ಕಂಡದ್ದೇ ಅವಳ ಅಳು ಗಕ್ಕನೆ ನಿಂತಿತು.

"ನೀ ಅದಿಯಲ್ಲ!"

"ನನಗೇನಾಗೇತಿ ಚಿಗವ್ವ?"

"ಮತ್ತ್ಯಾರು ಹೋದ್ರು? ಫೋಟೊದಾಗಿನಾಕಿ ನಮ್ಮ ಪೈಕಿ ಅನ್ನಸಲಿಲ್ಲ. ನಿನಗ ಏನರ ಆಗಿ, ಅವಸರದಾಗ ಯಾರೋ ನಿನ್ನ ಫೋನಿಂದ ಫೋಟೊ ತಪ್ಪಿ ಹಾಕ್ಯಾರ ಅಂದ್ಕೊಂಡೆ. ಫೋನ್ ಹಚ್ಚಿದ್ರ ಎತ್ತಲಿಲ್ಲ ನೀ. ಗೋಕಾಕದಾಗ ಬಸ್ ಬದಲಿ ಮಾಡಿ, ದಾರಿ ತುಂಬ ಅತ್ಕೋತ ಬಂದೇನಿ, ಖೋಡಿ!"

ಎದುರು ಮನೆಯವರು ಹೊರಗೆ ಬಂದು ನಿಂತಿದ್ದರು. ಚಿಗವ್ವನನ್ನು ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿದೆ. ನಡೆದದ್ದನ್ನು ಹೇಳಿದೆ. ಅವಳು ಬೈದಳು, ನಕ್ಕಳು, ಮತ್ತೆ ಬೈದಳು. ಆಮೇಲೆ ಗಂಟು ಬಿಚ್ಚಿ ರೊಟ್ಟಿ, ಝುಣಕ, ಮೊಸರನ್ನ ಹಚ್ಚಿಕೊಟ್ಟಳು. ಯಾರೂ ಸಾಯದೆ ಬಂದ ಬುತ್ತಿಯನ್ನು ಇಬ್ಬರೂ ಕೂತು ಉಂಡೆವು. ಕೈ ತೊಳೆದು ಬಂದು ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮುದುಕಿಯನ್ನು ಬಹಳ ಹೊತ್ತು ನೋಡಿದಳು.

"ಇಕಿ ಯಾರ ಮನಿಯಾಕಿ ಇದ್ದಾಳು?"

ನನಗೆ ತಡೆಯಲಾಗಲಿಲ್ಲ. ಅವ್ವ ಹೋದ ದಿನ ಬಂದವರನ್ನು ನೋಡಿಕೊಳ್ಳುವುದರಲ್ಲಿ ಅಳಲು ಪುರಸೊತ್ತೇ ಆಗಿರಲಿಲ್ಲ. ಈಗ ಹೋ ಅಂತ ಅತ್ತೆ. ಚಿಗವ್ವ "ಅಳು, ಅಳು. ಬುತ್ತಿ ತಂದದ್ದು ಸುಳ್ಳಾಗಲಿಲ್ಲ" ಅಂತ ಬೆನ್ನು ಸವರಿದಳು. ಸಂಜೆಯತನಕ ಕಟ್ಟಿಗೆ ಹಣ್ಣು, ಬೆಂಕಿಪೆಟ್ಟಿಗೆ ಹುಲಿ, ಬೆಕ್ಕಿನ ಪಂಜ ಎಲ್ಲ ನೋಡಿದಳು. ಬೆಕ್ಕಿಗೆ ಮಗುವಿನ ಹಾಗೆ ನಕ್ಕಳು.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಹೇಳಿದಳು: "ಇನ್ನೊಮ್ಮೆ ಮುದಿಕ್ಯಾರ ಫೋಟೊ ಹಾಕಬ್ಯಾಡ. ಸುಮ್ಮ ಬಾ ಅನ್ನು, ಬರತೇನಿ."

ಗುಂಪಿನಲ್ಲಿ ಮರುದಿನ ಗುಲಾಬಿ ಹೂವು ಬಂತು. ಹೋದವರು ಯಾರೆಂದು ಇವತ್ತಿಗೂ ಯಾರೂ ಕೇಳಿಲ್ಲ. ನಾನೂ ಚಿತ್ರ ಹಾಕುವುದನ್ನು ಬಿಟ್ಟೆ. ಕೂಡಿಸುವುದು ಮಾತ್ರ ನಿಂತಿಲ್ಲ, ಚಿಗವ್ವನಿಗೆ ತೋರಿಸಬೇಕಾದವು ಫೋನಿನಲ್ಲಿ ಮತ್ತೆ ತುಂಬಿವೆ. ಎಷ್ಟೋ ಸಲ ಅವಳಿಗೆ "ಬಾ" ಅಂತ ಬರೆದು ಅಳಿಸಿದ್ದೇನೆ. ಅಷ್ಟು ದೂರದಿಂದ ವಯಸ್ಸಾದವಳನ್ನು ಏನು ಹೇಳಿ ಕರೆಸುವುದು? ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವಲ್ಲ.