ಬಳಸುವವನ ಎರಡು ಸಾಲು

ಹೋದ ವಾರ ನಮ್ಮ ಐಸ್ ಫ್ಯಾಕ್ಟರಿಯ ಕಪಾಟು ಖಾಲಿ ಮಾಡುವಾಗ ಪ್ರಿಂಟರಿನ ಹಳೆಯ ರಿಬ್ಬನ್ ಒಂದು ಸಿಕ್ಕಿತು. ಕವರು ಹರಿದೊಡನೆ ಶಾಯಿಯ ವಾಸನೆ ಬಂತು. ಅಕ್ಕನ ಬೆರಳುಗಳಿಗೆ ಯಾವಾಗಲೂ ಇದೇ ವಾಸನೆ…

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕೆಲವು ವರ್ಷ ಮೀನಿಗೆ ಹೋಗಿ, ಆಮೇಲೆ ಅಂಕೋಲೆಯ ಈ ಫ್ಯಾಕ್ಟರಿ ಸೇರಿದೆ. ಯಾವ ಬೋಟಿಗೆ ಎಷ್ಟು ಐಸ್ ಎಂದು ಚೀಟಿ ಕೊಡುವುದು ನನ್ನ ಕೆಲಸ. ಅಕ್ಕ ಕಾರವಾರದ ಕೋಡಿಬಾಗದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಒಂದು ಮುಕ್ತ ತಂತ್ರಾಂಶದ ಕೆಲಸಕ್ಕೆ ಕೂರುತ್ತಿದ್ದಳು. ಬೇರೆ ಬೇರೆ ಊರಿನವರು ಸಂಬಳವಿಲ್ಲದೆ ಸೇರಿ ಕಟ್ಟುವುದು, ಬೇಕಾದವರು ಬಳಸುವುದು, ತಿದ್ದುವುದು. ಅದರಲ್ಲಿ ಅಕ್ಕ ಬರೆದ ಸಣ್ಣ ಪ್ರೋಗ್ರಾಂ ಒಂದಿತ್ತು. ಸೂಜಿಯಿಂದ ಹೊಡೆಯುವ ಹಳೆಯ ಪ್ರಿಂಟರಿನಲ್ಲಿ ಅದು ಕನ್ನಡ ಅಕ್ಷರ ಮೂಡಿಸುತ್ತಿತ್ತು. ನಮ್ಮ ಚೀಟಿಗಳು ಬರುತ್ತಿದ್ದದ್ದು ಅದರಿಂದಲೇ.

ಹೊಸ ಪ್ರಿಂಟರುಗಳು ಬಂದವು. ಉಪಯೋಗಕ್ಕಿಲ್ಲದ ಹಳೆಯ ಪ್ರೋಗ್ರಾಂಗಳನ್ನು ತೆಗೆದುಹಾಕುವುದೆಂದು ಆ ತಂತ್ರಾಂಶದವರೆಲ್ಲ ನಿಶ್ಚಯಿಸಿದರು. ಪಟ್ಟಿಯಲ್ಲಿ ಅಕ್ಕನದೂ ಇತ್ತು. ಬಳಸುವವರು ಯಾರಾದರೂ ಇದ್ದರೆ ತಿಂಗಳೊಳಗೆ ಇ-ಮೇಲಿನಲ್ಲಿ ಪತ್ರ ಹಾಕಬೇಕು, ಹಾಕದಿದ್ದರೆ ತೆಗೆಯುವುದು. ಪ್ರೋಗ್ರಾಂ ಬರೆದವರ ಮಾತು ಲೆಕ್ಕಕ್ಕಿಲ್ಲ, ಬಳಸುವವನೇ ಹೇಳಬೇಕು. ಅಕ್ಕನಿಗೆ ಗೊತ್ತಿದ್ದ ಬಳಸುವವನು ನಾನೊಬ್ಬನೇ.

ಅವಳು ಅಂಕೋಲೆಗೆ ಬಂದು ನನಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟಳು. ದಿನಾ ಬಳಸುತ್ತೇನೆಂದು ಕನ್ನಡದಲ್ಲೇ ಬರೆದರೆ ಸಾಕು, ಅವರಿಗೆ ಅರ್ಥ ತಾನು ಹೇಳುತ್ತೇನೆ ಎಂದಳು. ನಾನು ಹಿಂದೆಮುಂದೆ ನೋಡಿದ್ದಕ್ಕೆ ನಕ್ಕಳು.

"ಹರ್ದ ಬಲೆ ಹೊಲಿತೆ, ಎರಡು ಸಾಲು ಬರಿಯೂಕೆ ಆಗುದಿಲ್ವನಾ ತಮಾ?"

ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋದೆ. ಒಂದು ಸಾಲು ಬರೆದೆ, ಅಳಿಸಿದೆ. ಕಲಿತವರೆಲ್ಲ ಓದುವ ಜಾಗದಲ್ಲಿ ನನ್ನ ಬರಹ ಕಾಣುವುದು ನಾಚಿಕೆಯೆನಿಸಿತು. ಹೇಗೂ ನಮ್ಮ ಮೆಷಿನ್ನಿನಲ್ಲಿ ಅದು ಇದ್ದೇ ಇದೆ, ಅಲ್ಲಿ ತೆಗೆದರೆ ನಮಗೇನು ಎಂದೂ ಅನಿಸಿತು. ಎದ್ದು ಬಂದೆ. ಫೋನಿನಲ್ಲಿ ಅಕ್ಕ ಕೇಳಿದಾಗ ಕಳಿಸಿದೆ ಎಂದೆ.

ಅವಧಿ ಮುಗಿಯುವ ಹೊತ್ತಿಗೆ ಮತ್ತೆ ಫೋನು ಬಂತು.

"ಪತ್ರ ಬರಲೇ ಇಲ್ಲ ಅಂತ್ರು. ಖರೆ ಕಳ್ಸಿದ್ಯನಾ?"

"ಕಳ್ಸಿದೆ ಅಂದೆನಲ್ಲ. ಎಷ್ಟು ಸಲ ಕೇಳ್ತೆ?"

ಸರಿ, ಅವರಿಗೆ ಹೇಳುತ್ತೇನೆ ಎಂದು ಅವಳು ಫೋನಿಟ್ಟಳು. ಮರುದಿನ ಸೈಬರಿಗೆ ಹೋಗಿ ಬರೆಯಬಹುದಿತ್ತು. ಇನ್ನೂ ಎರಡು ದಿನ ಇದ್ದವು. ಹೋಗಲಿಲ್ಲ. ಹೋದರೆ ಮೊದಲು ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತಿತ್ತು.

ಪ್ರೋಗ್ರಾಂ ತೆಗೆದವಳು ಅಕ್ಕನೇ. ಅದನ್ನು ನೆಚ್ಚಿಕೊಂಡ ಬೇರೆ ಭಾಗಗಳು ಕೆಡದಂತೆ ಬಿಡಿಸಬೇಕಂತೆ, ಅದಕ್ಕೆ ನಾಲ್ಕು ದಿನ ಹಿಡಿಯಿತು. ಬೇರೆಯವರು ಮಾಡಲಿ ಎಂದರೆ ಒಪ್ಪಲಿಲ್ಲ. "ಕಟ್ಟಿದವರಿಗೇ ಗೊತ್ತು, ಯಾವ ಗೂಟ ಎಲ್ಲಿ ಹೊಡ್ದದ್ದು ಅಂತ" ಎಂದಳು. ಆಮೇಲೆ ಆ ಕೆಲಸಕ್ಕೆ ಕೂರುವುದನ್ನೇ ಕಡಿಮೆ ಮಾಡಿದಳು. ಯಾಕೆಂದು ನಾನು ಕೇಳಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಕಾಯಿಲೆ ಬಿದ್ದಳು. ನೋಡಲು ಕಾರವಾರಕ್ಕೆ ಹೋದಾಗಲೆಲ್ಲ ಚೀಟಿ ಸರಿಯಾಗಿ ಬರುತ್ತವೆಯೇ ಎಂದು ಕೇಳುತ್ತಿದ್ದಳು. ಬರುತ್ತವೆ ಎನ್ನುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು… ಸದಾಶಿವಗಡದ ಮೀನು, ಬಸ್ಸು, ಮಳೆ ಎಂದು ಏನೇನೋ ಹೇಳಿ ಎದ್ದು ಬರುತ್ತಿದ್ದೆ.

ಈಗ ಅಕ್ಕನೂ ಇಲ್ಲ, ಚೀಟಿಯೂ ಇಲ್ಲ, ಲೆಕ್ಕವೆಲ್ಲ ಮೊಬೈಲಿನಲ್ಲೇ. ರಿಬ್ಬನ್ ಸಿಕ್ಕಿದ್ದನ್ನು ಅಕ್ಕನ ಹತ್ತಿರ ಕಲಿತಿದ್ದ ಹುಡುಗಿಯೊಬ್ಬಳಿಗೆ ಹೇಳಿದೆ. ಆ ತಂತ್ರಾಂಶದವರ ಪತ್ರಗಳನ್ನೆಲ್ಲ ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ ಎಂದು ಅವಳು ಹುಡುಕಿ ತೋರಿಸಿದಳು. ಬಳಸುವವರು ಯಾರೂ ಇಲ್ಲ, ಸುಮ್ಮನೆ ತಮ್ಮನ ಹೆಸರು ಹೇಳುತ್ತಿದ್ದೀರಿ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಅಕ್ಕನ ಉತ್ತರ ಇಂಗ್ಲಿಷಿನಲ್ಲಿತ್ತು. ಹುಡುಗಿ ಅರ್ಥ ಹೇಳಿದಳು: ಪತ್ರ ದಾರಿಯಲ್ಲಿ ತಪ್ಪಿರಬೇಕು, ನಿಯಮದಂತೆ ತೆಗೆಯುತ್ತೇನೆ, ಆದರೆ ನನ್ನ ತಮ್ಮ ಸುಳ್ಳು ಹೇಳುವವನಲ್ಲ.

ಅಕ್ಕನ ಈ ಪತ್ರ ತೆಗೆಯಲು ಬರುವುದಿಲ್ಲವೇ ಎಂದು ಕೇಳಿದೆ. ಪ್ರೋಗ್ರಾಂ ಆದರೆ ತೆಗೆಯಬಹುದು, ಪತ್ರ ಹಾಗೇ ಇರುತ್ತದೆ ಎಂದಳು.